ಹೆತ್ತವರು ಯಾರು, ಹೆಸರಿಟ್ಟವರು ಯಾರು?

ಪ್ಲೈವುಡ್ಡಿನ ಎರಡು ತುಂಡು. ಎರಡೂ ಇಂಗ್ಲಿಷಿನ ಎಕ್ಸ್ ಅಕ್ಷರದ ಆಕಾರದವು. ಜೊತೆಗೆ ಒಂದಷ್ಟು ನೈಲಾನ್ ದಾರ. ಎಲ್ಲ ಸೇರಿ ಎತ್ತರ ಒಂದು ಅಡಿಗೂ ಸ್ವಲ್ಪ ಕಮ್ಮಿ. ಕೆಳಗಿನ ಎಕ್ಸ್ ಕಾಲೂರಿ ನಿಂತಿದೆ, ಸರಿ. ಆದರೆ ಮೇಲಿನದು ಯಾವುದರ ಮೇಲೂ ಕೂತಿಲ್ಲ! ಮರಕ್ಕೆ ಮರ ಎಲ್ಲೂ ತಾಗಿಲ್ಲ. ಬಿಗಿದ ದಾರಗಳ ನಡುವೆ ಅದು ಗಾಳಿಯಲ್ಲಿ ತೇಲಿದ ಹಾಗೆ ನಿಂತಿದೆ. ಅಲ್ಲಾಡಿಸಿದರೆ ಅಲ್ಲಾಡಿ, ಮತ್ತೆ ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ.

ಇದನ್ನು ಮಾಡಿದವನು ಕೆನೆತ್ ಸ್ನೆಲ್ಸನ್ ಎಂಬ 21 ವರ್ಷದ ವಿದ್ಯಾರ್ಥಿ. ಕಾಲ 1948ರ ಚಳಿಗಾಲ, ಜಾಗ ಅಮೆರಿಕದ ಓರೆಗಾನ್ ರಾಜ್ಯದ ಪೆಂಡಲ್ಟನ್ ಎಂಬ ಊರಿನ ಅವನ ಮನೆ. ಆ ಬೇಸಿಗೆಯಲ್ಲಷ್ಟೇ ಕಾಲೇಜಿನ ಕಲಾ ತರಗತಿಯಲ್ಲಿ ಕಲಿತು ಬಂದದ್ದು ತಲೆಯಲ್ಲಿ ಇನ್ನೂ ಗುಯ್‌ಗುಡುತ್ತಿತ್ತು, ಅದನ್ನೇ ಮುಂದುವರಿಸಿ ಕೈಯಾಡಿಸುತ್ತಾ ಕೂತಿದ್ದ. ಏನಾದರೂ ಉಪಯೋಗಕ್ಕೆ ಬರಲಿ ಎಂದು ಮಾಡಿದ್ದಲ್ಲ. ಮನುಷ್ಯನೂ ಅಲ್ಲ, ಪ್ರಾಣಿಯೂ ಅಲ್ಲ, ದೇವರೂ ಅಲ್ಲದ ಒಂದು ಅಮೂರ್ತ ಶಿಲ್ಪ. ಈ ಪುಟ್ಟ ವಸ್ತುವಿನ ಹಿಂದೆ ಸುಮಾರು ಹತ್ತು ವರ್ಷ ಎಳೆದ ಒಂದು ಹೆಸರಿನ ಜಗಳ ಇದೆ. ಮುಂದೆ ಜೀವಕೋಶದ ಒಳಗಿನ ತನಕ ಹೋದ ಒಂದು ದಾರಿಯೂ ಇದೆ. ಎರಡನ್ನೂ ಹೇಳಬೇಕು ಅಂತ ಈ ಬರಹ.

ಮೊದಲು ಆ ಕಾಲೇಜಿನ ಬಗ್ಗೆ. ಬ್ಲ್ಯಾಕ್ ಮೌಂಟನ್ ಕಾಲೇಜು ಅಂತ ಹೆಸರು. ಉತ್ತರ ಕೆರೊಲಿನಾದ ಬೆಟ್ಟಗಳ ನಡುವೆ 1933ರಲ್ಲಿ ಶುರುವಾಗಿ 1957ರಲ್ಲಿ ಮುಚ್ಚಿಹೋದ ಸಣ್ಣ ಕಾಲೇಜು. ಬದುಕಿದ್ದು 24 ವರ್ಷ ಅಷ್ಟೇ. ಹೊಲದ ಕೆಲಸದಲ್ಲಿ ವಿದ್ಯಾರ್ಥಿಗಳೂ ಕೈಜೋಡಿಸುತ್ತಿದ್ದರು, ಕಾಲೇಜಿನ ಕಟ್ಟಡವನ್ನೂ ಮೇಷ್ಟ್ರು ಮಕ್ಕಳು ಸೇರಿಯೇ ಕಟ್ಟಿಕೊಂಡರು. ಅಲ್ಲಿ ಕಲೆ ಪಠ್ಯದ ಕೊನೆಯಲ್ಲಿ ಉಪ್ಪಿನಕಾಯಿಯ ಹಾಗೆ ಬಡಿಸುವ ವಿಷಯ ಆಗಿರಲಿಲ್ಲ, ಊಟದ ಅನ್ನವೇ ಅದಾಗಿತ್ತು.

ಆ ಅನ್ನ ಬಡಿಸುತ್ತಿದ್ದವನು ಜೋಸೆಫ್ ಆಲ್ಬರ್ಸ್. ಮೊದಲು ಜರ್ಮನಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು, ಆಮೇಲೆ ಪ್ರಸಿದ್ಧ ಬೌಹೌಸ್ ಕಲಾಶಾಲೆಯಲ್ಲಿ ವಿದ್ಯಾರ್ಥಿ, ಆಮೇಲೆ ಅಲ್ಲೇ ಅಧ್ಯಾಪಕ. ನಾಜಿಗಳ ಒತ್ತಡಕ್ಕೆ 1933ರಲ್ಲಿ ಬೌಹೌಸ್ ಬಾಗಿಲು ಹಾಕಿದಾಗ ಹೆಂಡತಿ ಆನಿಯ ಜೊತೆ ಅಮೆರಿಕಕ್ಕೆ ಬಂದ. ಬಂದಾಗ ಇಂಗ್ಲಿಷೇ ಸರಿಯಾಗಿ ಬರುತ್ತಿರಲಿಲ್ಲ.

ಆಲ್ಬರ್ಸ್‌ನ ಪಾಠದ ರೀತಿ ಕೇಳಿದರೆ ನಿಮಗೂ ಆ ತರಗತಿಯಲ್ಲಿ ಕೂರಬೇಕು ಅನ್ನಿಸುತ್ತದೆ. ಬೌಹೌಸ್‌ನಲ್ಲಿದ್ದಾಗ ಹೊಸ ವಿದ್ಯಾರ್ಥಿಗಳ ಕೈಗೆ ಹಳೇ ಪೇಪರ್ ಕೊಟ್ಟು, ಇದರಿಂದ ಏನಾದರೂ ಮಾಡಿ ಎಂದು ಹೇಳಿ ಹೊರಟುಹೋಗುತ್ತಿದ್ದನಂತೆ. ಹುಡುಗರು ದೋಣಿ, ಕೋಟೆ, ವಿಮಾನ ಎಲ್ಲ ಮಾಡಿಟ್ಟರೆ, ಅದನ್ನೆಲ್ಲ ಬಿಟ್ಟು ಸುಮ್ಮನೆ ಉದ್ದಕ್ಕೆ ಮಡಚಿ ನಿಲ್ಲಿಸಿದ ಒಂದು ಕಾಗದವನ್ನು ಮೆಚ್ಚುತ್ತಿದ್ದ. ಯಾಕೆ? ದೋಣಿಯನ್ನು ಮರದಲ್ಲೂ ಮಾಡಬಹುದು, ಕೋಟೆಯನ್ನು ಕಲ್ಲಲ್ಲೂ ಕಟ್ಟಬಹುದು. ಆದರೆ ಮಲಗಿದ್ದ ಕಾಗದ ಒಂದು ಮಡಿಕೆಯಿಂದ ಎದ್ದು ನಿಲ್ಲುವುದು ಕಾಗದದಲ್ಲಿ ಮಾತ್ರ ಸಾಧ್ಯ. ಗೋಂದು ಬೇಡ, ವೇಸ್ಟ್ ಬೇಡ, ಇರುವುದರಲ್ಲೇ ಹೆಚ್ಚು ಪಡೆಯಬೇಕು. ಇದು ಅವನ ತರಗತಿಯ ಮೊದಲ ಪಾಠ. ಅಮೂರ್ತ ಶಿಲ್ಪ ಅಂದರೆ ಏನೇನೋ ಗೀಚಿದ ಹಾಗೆ ಅಂತ ನಾವು ಅಂದುಕೊಂಡಿರುತ್ತೇವೆ. ಅಲ್ಲಿ ಹಾಗಿರಲಿಲ್ಲ. ಆಕಾರ ಯಾವುದನ್ನೂ ಹೋಲಬೇಕಿಲ್ಲ ಅಂದಾಗ ಉಳಿಯುವುದು ಒಂದೇ ಪ್ರಶ್ನೆ: ಇದು ಹೇಗೆ ನಿಂತಿದೆ?

ಈಗ 1948ರ ಬೇಸಿಗೆಗೆ ಬರೋಣ. ಎರಡನೇ ಮಹಾಯುದ್ಧದ ಕೊನೆಯಲ್ಲಿ ನೌಕಾಪಡೆಯಲ್ಲಿದ್ದು ಬಂದಿದ್ದ ಸ್ನೆಲ್ಸನ್, ಮಾಜಿ ಯೋಧರಿಗೆ ಸರ್ಕಾರ ಕೊಡುತ್ತಿದ್ದ ಶಿಕ್ಷಣ ಸಹಾಯದಲ್ಲಿ ಆಲ್ಬರ್ಸ್ ಹತ್ತಿರ ಚಿತ್ರಕಲೆ ಕಲಿಯಲು ಬಂದ. ಆ ಬೇಸಿಗೆಯ ಶಿಬಿರದಲ್ಲಿ ಯಾರ್ಯಾರಿದ್ದರು ನೋಡಿ: ಸಂಗೀತಗಾರ ಜಾನ್ ಕೇಜ್, ನೃತ್ಯಗಾರ ಮರ್ಸ್ ಕನಿಂಗ್‌ಹ್ಯಾಮ್, ಚಿತ್ರಕಾರ ವಿಲೆಮ್ ಡಿ ಕೂನಿಂಗ್. ಇವರ ಜೊತೆಗೆ, ಬರಬೇಕಿದ್ದ ವಾಸ್ತುಶಿಲ್ಪಿಯೊಬ್ಬ ಬರಲಾಗದೆ ಕೊನೆ ಗಳಿಗೆಯಲ್ಲಿ ಬದಲಿಯಾಗಿ ಬಂದ ಬಕ್‌ಮಿನ್‌ಸ್ಟರ್ ಫುಲ್ಲರ್. ವಯಸ್ಸು 53. ಹಾರ್ವರ್ಡಿನಿಂದ ಎರಡು ಸಲ ಹೊರಬಿದ್ದವನು, ವಿಚಿತ್ರ ಮನೆ, ಮೂರು ಚಕ್ರದ ಕಾರು ಎಲ್ಲ ಮಾಡಿ ಹೆಸರೂ ನಷ್ಟವೂ ಎರಡನ್ನೂ ಕಂಡವನು. ಗುಮ್ಮಟಗಳ ಜಗತ್ಪ್ರಸಿದ್ಧಿ ಇನ್ನೂ ಬಂದಿರಲಿಲ್ಲ.

ಫುಲ್ಲರ್ ಒಂದು ಟ್ರೇಲರ್ ತುಂಬ ಮಾಡೆಲ್‌ಗಳನ್ನು ತಂದಿದ್ದ. ಸಂಜೆಯ ಉಪನ್ಯಾಸಕ್ಕೆ ಅವನ್ನೆಲ್ಲ ಜೋಡಿಸಿಡಲು ಒಬ್ಬ ಬೇಕಿತ್ತು. ಸ್ನೆಲ್ಸನ್‌ನ ಕೈಕೆಲಸ ನೋಡಿದ್ದ ಆಲ್ಬರ್ಸ್ ಅವನನ್ನೇ ಕಳಿಸಿದ. ಫುಲ್ಲರ್ ಮಾತಿಗೆ ನಿಂತರೆ ಗಂಟೆಗಟ್ಟಲೆ ಬಿಡುತ್ತಿರಲಿಲ್ಲ. ಸ್ನೆಲ್ಸನ್ ಮರುಳಾಗಿಬಿಟ್ಟ. ಚಿತ್ರಕಲೆ ಕಲಿಯಲು ಬಂದವನು ರಚನೆಗಳ ಹುಚ್ಚು ಹಿಡಿಸಿಕೊಂಡು ಊರಿಗೆ ಮರಳಿದ.

ಚಳಿಗಾಲದಲ್ಲಿ ಮನೆಯಲ್ಲಿ ಕೂತು ಅವನು ಮೂರು ಸಣ್ಣ ಶಿಲ್ಪ ಮಾಡಿದ. ಮೊದಲಿನವು ತೂಗಾಡುವಂಥವು, ಒಂದರ ಭಾರಕ್ಕೆ ಇನ್ನೊಂದು ಸಮ ನಿಲ್ಲುವಂಥವು. ಮೂರನೆಯದರಲ್ಲಿ ತೂಗಾಟವನ್ನು ನಿಲ್ಲಿಸಲು ದಾರ ಕಟ್ಟಿದ. ಆಗ ಹುಟ್ಟಿದ್ದೇ ಆ ತೇಲುವ ಎಕ್ಸ್.

ಇದರಲ್ಲಿ ಹೊಸತೇನು ಅಂತ ಕೇಳಬಹುದು. ನಮ್ಮ ಕಲ್ಲಿನ ದೇವಸ್ಥಾನಗಳನ್ನೇ ನೋಡಿ. ಅಡಿಪಾಯದ ಮೇಲೆ ಕಂಬ, ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ಮೇಲೆ ಚಪ್ಪಡಿ. ಭಾರ ಒಂದರಿಂದ ಒಂದಕ್ಕೆ ಇಳಿಯುತ್ತಾ ನೆಲ ಸೇರುತ್ತದೆ. ನಡುವಿನ ಒಂದು ಕಲ್ಲು ತೆಗೆದರೆ ಮುಗಿಯಿತು. ಸಾವಿರಾರು ವರ್ಷ ಮನುಷ್ಯ ಹೆಚ್ಚಾಗಿ ಕಟ್ಟಿದ್ದೇ ಹೀಗೆ, ಒತ್ತಿ ಒತ್ತಿ. ಎಳೆತವನ್ನು ನಂಬಿ ಕಟ್ಟಿದ್ದು ಕಡಿಮೆ: ಹಗ್ಗದ ಸೇತುವೆ, ಡೇರೆ, ಸೈಕಲ್ ಚಕ್ರ. ಸೈಕಲ್ ಚಕ್ರದ ಕಡ್ಡಿ ಎಷ್ಟು ಸಪೂರ! ಒತ್ತಿದರೆ ಬಾಗುತ್ತದೆ. ಆದರೆ ಎಳೆದು ಬಿಗಿದಾಗ ಅಂಥ ಕಡ್ಡಿಗಳೇ ಸೇರಿ ಇಡೀ ಮನುಷ್ಯನ ಭಾರ ಹೊರುತ್ತವೆ.

ಸ್ನೆಲ್ಸನ್‌ನ ಶಿಲ್ಪದಲ್ಲಿ ಈ ಎರಡನ್ನೂ ಪೂರ್ತಿ ಬೇರೆ ಮಾಡಿದ್ದ. ಒತ್ತಡ ತಡೆಯುವುದು ಮರದ ತುಂಡುಗಳು, ಅವು ಒಂದಕ್ಕೊಂದು ಮುಟ್ಟುವುದೇ ಇಲ್ಲ. ಎಳೆತ ತಡೆಯುವುದು ದಾರ, ಅದು ಎಲ್ಲೂ ತುಂಡಾಗದೆ ಸುತ್ತಲೂ ಹರಿಯುತ್ತದೆ. ಮರ ದಾರವನ್ನು ಹೊರಕ್ಕೆ ದೂಡುತ್ತದೆ, ದಾರ ಮರವನ್ನು ಒಳಕ್ಕೆ ಎಳೆಯುತ್ತದೆ. ಇಬ್ಬರೂ ಸೋಲದೇ ಇರುವುದರಿಂದ ಶಿಲ್ಪ ನಿಲ್ಲುತ್ತದೆ. ಇಂಥ ನೂರು ತುಂಡನ್ನು ಒಂದರ ಮೇಲೊಂದು ತೇಲಿಸುತ್ತಾ ಹೋದರೆ ಗೋಪುರವೇ ಆಗುತ್ತದೆ.

1949ರ ಬೇಸಿಗೆಯಲ್ಲಿ ಸ್ನೆಲ್ಸನ್ ಮತ್ತೆ ಬ್ಲ್ಯಾಕ್ ಮೌಂಟನ್‌ಗೆ ಹೋದ. ಆಲ್ಬರ್ಸ್ ಅಷ್ಟರಲ್ಲಿ ಕಾಲೇಜು ಬಿಟ್ಟಿದ್ದ. ಆ ವರ್ಷದ ಬೇಸಿಗೆ ಶಿಬಿರಕ್ಕೆ ಫುಲ್ಲರನೇ ಮುಖ್ಯಸ್ಥ. ಹುಡುಗ ತನ್ನ ಶಿಲ್ಪವನ್ನು ಗುರುವಿಗೆ ತೋರಿಸಿದ. ಫುಲ್ಲರ್ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ, ಇದನ್ನು ನಾನು ಇಟ್ಟುಕೊಳ್ಳಲೇ ಅಂತ ಕೇಳಿದ. ಗುರು ಕೇಳಿದರೆ ಇಲ್ಲ ಅನ್ನುವುದು ಹೇಗೆ? ಕೊಟ್ಟ.

ಮಾರನೇ ದಿನ ಫುಲ್ಲರ್ ಒಂದು ತಿದ್ದುಪಡಿ ಹೇಳಿದ. ಎಕ್ಸ್ ಆಕಾರ ಬೇಡ, ನಾಲ್ಕು ಮುಖದ ಘನಾಕೃತಿಯ ನಡುವಿನಿಂದ ಮೂಲೆಗಳಿಗೆ ಹೊರಡುವ ನಾಲ್ಕು ಕೈಗಳ ಆಕಾರ ಇರಲಿ ಅಂತ. ಸ್ನೆಲ್ಸನ್ ಪೇಟೆಗೆ ಹೋಗಿ ಕಿಟಕಿಗೆ ಪರದೆ ಹಾಕುವ ಲೋಹದ ಕೊಳವೆಗಳನ್ನು ತಂದು ಹಾಗೆಯೇ ಮಾಡಿಕೊಟ್ಟ. ಅದನ್ನು ಹಿಡಿದು ಫುಲ್ಲರ್ ಫೋಟೋ ತೆಗೆಸಿಕೊಂಡ. ಕೊಳವೆ ತಂದವನು, ಕಟ್ಟಿದವನು, ಮೂಲ ಉಪಾಯ ಹೊಳೆದವನು ಎಲ್ಲ ಸ್ನೆಲ್ಸನ್. ಫೋಟೋದಲ್ಲಿ ಗೆಲುವಿನ ನಗು ಫುಲ್ಲರನದು.

ಇಲ್ಲಿಂದ ಕಥೆ ಕಹಿಯಾಗುತ್ತದೆ. ಅದೇ ವರ್ಷದ ಕೊನೆಗೆ ಫುಲ್ಲರ್ ಬರೆದ ಒಂದು ಪತ್ರದಲ್ಲಿ, ತನ್ನ ಭಾಷಣಗಳಲ್ಲೆಲ್ಲ ಸ್ನೆಲ್ಸನ್‌ನ ಮೂಲ ಪ್ರಯೋಗದ ವಿಷಯ ಹೇಳುತ್ತಿದ್ದೇನೆ ಎಂದು ಒಪ್ಪಿಕೊಂಡಿದ್ದಾನೆ. ಆದರೆ 1951ರಲ್ಲಿ ಆರ್ಕಿಟೆಕ್ಚರಲ್ ಫೋರಮ್ ಪತ್ರಿಕೆಯಲ್ಲಿ ಅಂಥ ರಚನೆ ಅಚ್ಚಾದಾಗ ಸ್ನೆಲ್ಸನ್‌ನ ಹೆಸರೇ ಇರಲಿಲ್ಲ. ಬಾಯಲ್ಲಿ ಹೇಳಿದ್ದು ಸಭೆ ಮುಗಿದ ಮೇಲೆ ಗಾಳಿಗೆ ಹೋಗುತ್ತದೆ, ಅಚ್ಚಾದದ್ದು ಉಳಿಯುತ್ತದೆ ಅಲ್ವಾ? ಆಮೇಲೆ 1950ರ ದಶಕದಲ್ಲಿ ಫುಲ್ಲರ್ ಈ ಬಗೆಯ ರಚನೆಗೆ ಒಂದು ಹೆಸರನ್ನೂ ಕಟ್ಟಿದ. ಎಳೆತ, ಸಮಗ್ರತೆ ಎಂಬ ಅರ್ಥದ ಎರಡು ಇಂಗ್ಲಿಷ್ ಪದಗಳನ್ನು ಬೆಸೆದು ಮಾಡಿದ ಆ ಹೆಸರು ಟೆನ್ಸೆಗ್ರಿಟಿ. ಚೆನ್ನಾಗಿದೆ, ನಾಲಿಗೆಗೆ ಅಂಟುತ್ತದೆ. ಅಂಟಿತು. ಸ್ನೆಲ್ಸನ್‌ಗೆ ಮಾತ್ರ ಆ ಹೆಸರು ಹಿಡಿಸಲಿಲ್ಲ. ತೇಲುವ ಒತ್ತಡ ಎಂಬ ಅರ್ಥದ ಮಾತನ್ನೇ ಅವನು ಬಳಸುತ್ತಿದ್ದ. ಆದರೆ ಜಗತ್ತಿಗೆ ಫುಲ್ಲರ್ ಇಟ್ಟದ್ದೇ ಹೆಸರಾಯಿತು.

ನಮ್ಮಲ್ಲಿ ಮಗುವಿನ ನಾಮಕರಣದ ದಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆ. ಹಾಗಂತ ಮಗು ಸೋದರತ್ತೆಯದು ಅಂತ ಯಾರೂ ಬರೆಸುವುದಿಲ್ಲ. ಇಲ್ಲಿ ಆದದ್ದು ಹೆಚ್ಚು ಕಮ್ಮಿ ಅದೇ. ಹೆಸರಿನ ಬಲ ಎಷ್ಟು ನೋಡಿ: 1985ರಲ್ಲಿ ವಿಜ್ಞಾನಿಗಳು ಇಂಗಾಲದ 60 ಪರಮಾಣುಗಳ ಚೆಂಡಿನಂಥ ಅಣು ಕಂಡುಹಿಡಿದಾಗ, ಗುಮ್ಮಟದ ಹೋಲಿಕೆಯಿಂದ ಅದಕ್ಕೂ ಫುಲ್ಲರನ ಹೆಸರನ್ನೇ ಇಟ್ಟರು. ಅವನು ತೀರಿಕೊಂಡು ಆಗಲೇ ಎರಡು ವರ್ಷ ಆಗಿತ್ತು.

ಸ್ನೆಲ್ಸನ್ ಸುಮ್ಮನೆ ಕೂರಲಿಲ್ಲ. 1959ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಫುಲ್ಲರನ ಮೂರು ರಚನೆಗಳ ಪ್ರದರ್ಶನ ಏರ್ಪಾಟಾಯಿತು. ಅದರಲ್ಲಿ ಒಂದು ಟೆನ್ಸೆಗ್ರಿಟಿ ಕಂಬ. ಸ್ನೆಲ್ಸನ್ ಸಂಗ್ರಹಾಲಯದವರಿಗೆ ಇದರ ಹಿಂದಿನ ಕಥೆ ಹೇಳಿದ. ಅವರು ವಿಚಾರಿಸಿ, ಸ್ನೆಲ್ಸನ್‌ನ ಕೃತಿಗಳನ್ನೂ ಅವನ ಹೆಸರಿನಲ್ಲಿಯೇ ಅಲ್ಲಿ ಇಟ್ಟರು. ಮೊದಲ ಶಿಲ್ಪ ಮಾಡಿ ಆಗ ಹತ್ತು ವರ್ಷ ದಾಟಿತ್ತು. ಮುಂದೆ ಅಮೆರಿಕದ ಪೇಟೆಂಟ್ ಇಬ್ಬರಿಗೂ ಸಿಕ್ಕಿತು, ಬೇರೆ ಬೇರೆ ಹೆಸರಿನಲ್ಲಿ. ಫುಲ್ಲರನಿಗೆ 1962ರಲ್ಲಿ, ಸ್ನೆಲ್ಸನ್‌ಗೆ 1965ರಲ್ಲಿ. ಫ್ರಾನ್ಸಿನಲ್ಲಿ ಡೇವಿಡ್ ಜಾರ್ಜಸ್ ಎಮರಿಕ್ ಎಂಬ ವಾಸ್ತುಶಿಲ್ಪಿ ಇಂಥದ್ದಕ್ಕೇ ತಾನೂ ಪೇಟೆಂಟ್ ಮಾಡಿಸಿದ!

ಇಷ್ಟು ಓದಿ ನಿಮಗೆ ಏಕಲವ್ಯನ ನೆನಪಾಗಿರಬಹುದು. ಆದರೆ ಹೋಲಿಕೆ ಪೂರ್ತಿ ಸರಿಹೋಗುವುದಿಲ್ಲ. ದ್ರೋಣ ಏಕಲವ್ಯನಿಗೆ ಏನೂ ಕಲಿಸಿರಲಿಲ್ಲ. ಫುಲ್ಲರ್ ಕಲಿಸಿದ್ದ. ಒತ್ತಡ ಮತ್ತು ಎಳೆತದ ಬಗ್ಗೆ ಅವನು ಗಂಟೆಗಟ್ಟಲೆ ಮಾತಾಡದೇ ಇದ್ದಿದ್ದರೆ ಸ್ನೆಲ್ಸನ್ ಆ ದಾರ ಕಟ್ಟುತ್ತಿರಲಿಲ್ಲವೇನೋ. ಹುಡುಗ ಮಾಡಿದ್ದು ಏನು, ಅದು ಎಲ್ಲಿಯವರೆಗೆ ಹೋದೀತು ಎಂದು ಒಂದೇ ನೋಟಕ್ಕೆ ಹಿಡಿದದ್ದೂ ಫುಲ್ಲರನೇ. ಅದೂ ಸಣ್ಣ ವಿಷಯವಲ್ಲ. ಇನ್ನೂ ಹಿಂದಕ್ಕೆ ಹೋದರೆ, 1921ರಲ್ಲಿ ಮಾಸ್ಕೋದ ಯುವ ಕಲಾವಿದರ ಪ್ರದರ್ಶನವೊಂದರಲ್ಲಿ ಲಾಟ್ವಿಯಾ ಮೂಲದ ಕಾರ್ಲ್ ಇಯೋಗಾನ್ಸನ್ ಮೂರು ಕೋಲು, ಕೆಲವು ತಂತಿಗಳ ಒಂದು ರಚನೆ ಇಟ್ಟಿದ್ದ. ಅದರ ಫೋಟೋ 1929ರಲ್ಲಿ ಮೊಹೋಲಿ-ನಾಜ್‌ನ ಪುಸ್ತಕದಲ್ಲಿ ಅಚ್ಚಾಗಿದೆ. ಟೆನ್ಸೆಗ್ರಿಟಿಯ ಅಜ್ಜ ಇವನೇ ಅನ್ನುವವರು ಇದ್ದಾರೆ. ಅದು ಸ್ನೆಲ್ಸನ್‌ನದರ ಹಾಗೆ ಗಟ್ಟಿಯಾಗಿ ನಿಲ್ಲದೆ, ತಂತಿ ಎಳೆದರೆ ಆಕಾರ ಬದಲಿಸುವಂಥದ್ದು. ಆದರೂ ದಾಯಾದಿಯೇ. ವಿಚಾರಗಳಿಗೆ ಒಬ್ಬರೇ ಅಪ್ಪ ಅಮ್ಮ ಇರುವುದು ಅಪರೂಪ.

ಹಾಗಾದರೆ ಫುಲ್ಲರನ ತಪ್ಪೇನು? ಕಲಿಸಿದ್ದು ತಪ್ಪಲ್ಲ, ಬೆಳೆಸಿದ್ದೂ ತಪ್ಪಲ್ಲ, ಹೆಸರಿಟ್ಟದ್ದೂ ತಪ್ಪಲ್ಲ. ಅಚ್ಚಿನಲ್ಲಿ ಎರಡು ಪದ ಬಿಟ್ಟದ್ದು ತಪ್ಪು. ಕೆನೆತ್, ಸ್ನೆಲ್ಸನ್. ಅಷ್ಟೇ.

ಅದೇ ಕಾಲೇಜಿನಲ್ಲಿ ಅದೇ ವರ್ಷಗಳಲ್ಲಿ ಓದುತ್ತಿದ್ದ ರೂತ್ ಅಸಾವಾಳನ್ನು ಪಕ್ಕದಲ್ಲಿಟ್ಟು ನೋಡಿ. ಯುದ್ಧದ ಕಾಲದಲ್ಲಿ ಜಪಾನಿ ಮೂಲದವರು ಎಂಬ ಒಂದೇ ಕಾರಣಕ್ಕೆ ಕುಟುಂಬದ ಸಮೇತ ಬಂಧನ ಶಿಬಿರದಲ್ಲಿದ್ದು ಬಂದವಳು. 1947ರಲ್ಲಿ ಮೆಕ್ಸಿಕೋದ ತೊಲೂಕಾಕ್ಕೆ ಹೋದಾಗ ಅಲ್ಲಿನ ಜನ ತಂತಿಯಲ್ಲಿ ಬುಟ್ಟಿ ಹೆಣೆಯುವುದನ್ನು ನೋಡಿ ಕಲಿತಳು. ಆ ಹೆಣಿಗೆಯಿಂದಲೇ ಮುಂದೆ ಅವಳ ಪ್ರಸಿದ್ಧ ತೂಗುವ ತಂತಿ ಶಿಲ್ಪಗಳು ಹುಟ್ಟಿದವು. ಎಲ್ಲಿ ಕಲಿತೆ ಅನ್ನುವುದನ್ನು ಆಕೆ ಮುಚ್ಚಿಡಲಿಲ್ಲ. ಹೇಳಿದ್ದರಿಂದ ಅವಳ ಶಿಲ್ಪ ಒಂದು ಎಳೆಯಷ್ಟೂ ಕಡಿಮೆಯಾಗಲಿಲ್ಲ.

ಸ್ನೆಲ್ಸನ್ ಕೊರಗಿನಲ್ಲೇ ಮುಳುಗದೆ ಕೆಲಸ ಮಾಡಿದ. 1968ರಲ್ಲಿ ಅಲ್ಯೂಮಿನಿಯಂ ಕೊಳವೆ ಮತ್ತು ಸ್ಟೀಲ್ ತಂತಿಯಲ್ಲಿ ನೀಡಲ್ ಟವರ್ ಕಟ್ಟಿದ. ಎತ್ತರ 60 ಅಡಿ. ವಾಷಿಂಗ್ಟನ್ನಿನ ಹರ್ಷ್‌ಹಾರ್ನ್ ಸಂಗ್ರಹಾಲಯದ ಬಳಿ ಅದನ್ನು ನಿಲ್ಲಿಸಲಾಯಿತು. ಬುಡದಲ್ಲಿ ನಿಂತು ಕತ್ತೆತ್ತಿದರೆ ಒಂದರೊಳಗೊಂದು ಸಣ್ಣದಾಗುತ್ತಾ ಹೋಗುವ ಆರು ಮೂಲೆಯ ನಕ್ಷತ್ರಗಳು ಕಾಣುತ್ತವೆ. ಮರುವರ್ಷ ಮಾಡಿದ ಎರಡನೆಯದು ನೆದರ್ಲೆಂಡ್ಸಿನ ಕ್ರೊಲ್ಲರ್-ಮ್ಯೂಲರ್ ಸಂಗ್ರಹಾಲಯಕ್ಕೆ ಸೇರಿತು, ಎತ್ತರ 30 ಮೀಟರ್. ಇದರಿಂದ ಕಟ್ಟಡ ಕಟ್ಟುವುದು ಅಷ್ಟು ಲಾಭದ ಮಾತಲ್ಲ ಎಂದೇ ಸ್ನೆಲ್ಸನ್ ಹೇಳುತ್ತಿದ್ದ. ಅವನಿಗೆ ಅದು ಶಿಲ್ಪ, ಬಲ ಹೇಗೆ ಹರಿಯುತ್ತದೆ ಎಂದು ಕಣ್ಣಿಗೆ ಕಾಣುವ ಹಾಗೆ ಮಾಡುವುದು. 2016ರ ಡಿಸೆಂಬರಿನಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡ.

ಆದರೆ ಉಪಯೋಗವಿಲ್ಲದ ವಸ್ತುವಿನ ಉಪಯೋಗ ಯಾವಾಗ ಹೊಳೆಯುತ್ತದೆ ಹೇಳಲಾಗುವುದಿಲ್ಲ! ಬ್ಲ್ಯಾಕ್ ಮೌಂಟನ್ ಬಿಟ್ಟ ಆಲ್ಬರ್ಸ್ 1950ರಲ್ಲಿ ಯೇಲ್ ವಿಶ್ವವಿದ್ಯಾಲಯ ಸೇರಿ ವಿನ್ಯಾಸ ವಿಭಾಗದ ಮುಖ್ಯಸ್ಥನಾದ. ಕಾಗದ ಮಡಚುವ, ಕಡ್ಡಿ ಜೋಡಿಸುವ ಅವನ ಬಗೆಯ ಪಾಠ ಅಲ್ಲಿಯೂ ಬೇರು ಬಿಟ್ಟಿತು. 1970ರ ದಶಕದ ನಡುವಿನಲ್ಲಿ ಅದೇ ಯೇಲ್‌ನಲ್ಲಿ ಡೊನಾಲ್ಡ್ ಇಂಗ್ಬರ್ ಎಂಬ ಜೀವಶಾಸ್ತ್ರದ ವಿದ್ಯಾರ್ಥಿ, ಕ್ಯಾಂಪಸ್ಸಿನಲ್ಲಿ ಕೆಲವರು ರಟ್ಟಿನ ವಿಚಿತ್ರ ಆಕಾರಗಳನ್ನು ಹಿಡಿದು ಓಡಾಡುವುದನ್ನು ಕಂಡ. ತನ್ನ ಪುಸ್ತಕದಲ್ಲಿದ್ದ ವೈರಸ್ಸಿನ ಚಿತ್ರದ ಹಾಗೇ ಇವೆಯಲ್ಲ ಅನ್ನಿಸಿ ಆ ಕಲಾ ತರಗತಿಗೆ ಸೇರಿಕೊಂಡ.

ಅಲ್ಲಿ ಒಂದು ದಿನ ಕಡ್ಡಿ ಮತ್ತು ಎಲಾಸ್ಟಿಕ್ ದಾರದ ಟೆನ್ಸೆಗ್ರಿಟಿ ಶಿಲ್ಪ ನೋಡಿದ. ಮೇಲಿನಿಂದ ಒತ್ತಿದರೆ ಚಪ್ಪಟೆ. ಕೈ ತೆಗೆದರೆ ಪಟ್ಟನೆ ಜಿಗಿದು ಮತ್ತೆ ಗುಂಡಗೆ. ಅದೇ ಸಮಯದಲ್ಲಿ ಲ್ಯಾಬಿನಲ್ಲಿ ಜೀವಕೋಶ ಬೆಳೆಸುವುದನ್ನು ಕಲಿಯುತ್ತಿದ್ದ. ಗಾಜಿನ ತಟ್ಟೆಗೆ ಅಂಟಿಕೊಂಡ ಕೋಶ ಚಪ್ಪಟೆಯಾಗಿ ಹರಡಿರುತ್ತದೆ, ಬಿಡಿಸಿದ ಕೂಡಲೇ ದುಂಡಗಾಗುತ್ತದೆ. ಎರಡೂ ಒಂದೇ ಅಲ್ಲವೇ ಅಂತ ಅವನಿಗೆ ಹೊಳೆಯಿತು. ಆಗ ಹೆಚ್ಚಿನವರು ಜೀವಕೋಶವನ್ನು ನೀರು ತುಂಬಿದ ಬಲೂನಿನ ಹಾಗೆ ಕಲ್ಪಿಸಿಕೊಳ್ಳುತ್ತಿದ್ದರು. ಒಳಗೆ ಒತ್ತಡ ತಡೆಯುವ ಕೋಲುಗಳೂ ಎಳೆಯುವ ಎಳೆಗಳೂ ಇರುವ ಕಟ್ಟಡ ಅದು ಎಂದು ಇಂಗ್ಬರ್ ವಾದಿಸತೊಡಗಿದ. 1993ರಲ್ಲಿ ಸಂಗಡಿಗರ ಜೊತೆ ಸೈನ್ಸ್ ಪತ್ರಿಕೆಯಲ್ಲಿ ಪ್ರಯೋಗ ಪ್ರಕಟಿಸಿದ. ಕೋಶದ ಹೊರಗಿನ ಎಳೆತ ಒಳಗಿನವರೆಗೂ ಹೇಗೆ ಮುಟ್ಟುತ್ತದೆ ಎಂಬುದು ಇವತ್ತು ಜೀವಶಾಸ್ತ್ರದ ದೊಡ್ಡ ಅಧ್ಯಯನ ಕ್ಷೇತ್ರ. ಇಂಗ್ಬರನ ಮಾದರಿಯನ್ನು ಎಲ್ಲ ವಿಜ್ಞಾನಿಗಳೂ ಪೂರ್ತಿ ಒಪ್ಪಿಲ್ಲ, ಚರ್ಚೆ ನಡೆದಿದೆ. ಆದರೆ ನನಗೆ ಖುಷಿ ಕೊಟ್ಟ ಒಂದು ಸಂಗತಿ: 1998ರಲ್ಲಿ ಸೈಂಟಿಫಿಕ್ ಅಮೆರಿಕನ್‌ನಲ್ಲಿ ಬರೆದ ಲೇಖನದಲ್ಲಿ ಇಂಗ್ಬರ್ ಫುಲ್ಲರನ ಹೆಸರನ್ನೂ ಹೇಳುತ್ತಾನೆ, ಸ್ನೆಲ್ಸನ್‌ನ ಹೆಸರನ್ನೂ ಹೇಳುತ್ತಾನೆ.

ನೀವೂ ಒಂದು ಮಾಡಿ ನೋಡಬಹುದು, ಭಾನುವಾರದ ಕೆಲಸ. ಒಂದೇ ಉದ್ದದ ಮೂರು ಕಡ್ಡಿ, ಸುಮಾರು 20 ಸೆಂಟಿಮೀಟರ್ ಇರಲಿ. ಎರಡೂ ತುದಿಯಲ್ಲಿ ಸಣ್ಣ ಕಚ್ಚು ಮಾಡಿ. ಒಂಬತ್ತು ರಬ್ಬರ್ ಬ್ಯಾಂಡ್ ಬೇಕು. ಮೂರು ಕಡ್ಡಿಗಳ ಕೆಳತುದಿಗಳನ್ನು ಮೂರು ಬ್ಯಾಂಡಿನಿಂದ ತ್ರಿಕೋನವಾಗಿ ಸೇರಿಸಿ, ಮೇಲ್ತುದಿಗಳನ್ನೂ ಹಾಗೆಯೇ. ಉಳಿದ ಮೂರು ಬ್ಯಾಂಡ್ ಮೇಲಿನ ತ್ರಿಕೋನದಿಂದ ಕೆಳಗಿನ ತ್ರಿಕೋನಕ್ಕೆ, ಪ್ರತಿ ಕಡ್ಡಿಯ ತಲೆಯಿಂದ ಪಕ್ಕದ ಕಡ್ಡಿಯ ಬುಡಕ್ಕೆ, ಮೂರೂ ಒಂದೇ ದಿಕ್ಕಿನಲ್ಲಿ. ಒಬ್ಬರು ಹಿಡಿದುಕೊಂಡರೆ ಸುಲಭ. ಕೊನೆಯ ಬ್ಯಾಂಡ್ ಕೂರುವ ತನಕ ಎಲ್ಲ ಜಾರಿ ಜಾರಿ ಬೀಳುತ್ತದೆ, ಕೂತ ಕ್ಷಣ ತಾನಾಗಿ ತಿರುಚಿಕೊಂಡು ಎದ್ದು ನಿಲ್ಲುತ್ತದೆ. ಒಂದು ಕಡ್ಡಿ ಇನ್ನೊಂದನ್ನು ಮುಟ್ಟಿರುವುದಿಲ್ಲ. ಒಂದು ಬ್ಯಾಂಡ್ ಕಳಚಿದರೆ ಇಡೀ ರಚನೆ ಕುಸಿಯುತ್ತದೆ. ಯಾವ ಬ್ಯಾಂಡ್ ಮುಖ್ಯ ಅಂತ ಕೇಳಿದರೆ ಉತ್ತರ ಇಲ್ಲ :)

ಆ ಮಾತು ಸ್ನೆಲ್ಸನ್-ಫುಲ್ಲರ್ ಕಥೆಗೂ ಸಲ್ಲುತ್ತದೆ ಅಂತ ನನಗನ್ನಿಸುತ್ತದೆ. ಕಾಗದ ಕೊಟ್ಟ ಆಲ್ಬರ್ಸ್, ಮಾತು ಕೊಟ್ಟ ಫುಲ್ಲರ್, ದಾರ ಕಟ್ಟಿದ ಸ್ನೆಲ್ಸನ್, ಎಂದೋ ಮಾಸ್ಕೋದಲ್ಲಿ ಮೂರು ಕೋಲು ನಿಲ್ಲಿಸಿದ ಇಯೋಗಾನ್ಸನ್, ಒತ್ತಿ ಬಿಟ್ಟು ನೋಡಿದ ಇಂಗ್ಬರ್. ಯಾರನ್ನು ತೆಗೆದರೂ ಕಥೆ ಕುಸಿಯುತ್ತದೆ. ಅದಕ್ಕೇ ಯಾರ ಹೆಸರನ್ನೂ ತೆಗೆಯಬಾರದು. ಅದರಲ್ಲೂ ಕಲಿಸುವ ಜಾಗದಲ್ಲಿ, ದೊಡ್ಡವರ ಕೈಗೆ ಚಿಕ್ಕವರ ಕೆಲಸ ಬಂದಾಗ. ದೊಡ್ಡವರಿಗೆ ಅದು ನೂರರಲ್ಲಿ ಒಂದು ಉಪಾಯ, ಚಿಕ್ಕವರ ಹತ್ತಿರ ಇರುವುದು ಬಹುಶಃ ಅದೊಂದೇ.

ಕಷ್ಟಪಟ್ಟು ಬರೆದದ್ದು ಇನ್ನೆಲ್ಲೋ ಹೆಸರಿಲ್ಲದೆ ಕಾಣಿಸಿಕೊಂಡಾಗ ಹೇಗನ್ನಿಸುತ್ತದೆ ಎಂದು ಬರೆಯುವ ನಿಮಗೆ ನಾನು ವಿವರಿಸಬೇಕಿಲ್ಲ. ನಿಮಗೇನನ್ನಿಸುತ್ತದೆ, ಹೇಳಿ. ಹೆಸರಿಟ್ಟವರಿಗೆ ಎಷ್ಟು ಪಾಲು, ಹೆತ್ತವರಿಗೆ ಎಷ್ಟು?